ಪೆಟ್ರೋಲ್ ಟ್ಯಾಂಕಿಗೆ ಉಪ್ಪಿನಕಾಯಿ ಮುಚ್ಚಳ

ನನ್ನ ಕಾರು ಶ್ರೀನಿವಾಸಪುರದ ಒಳಗೆ ಎಂದೂ ಕೆಟ್ಟು ನಿಂತದ್ದಿಲ್ಲ. ಮಾರ್ಕೆಟ್ಟಿಗೆ ಹೋಗಿ ಬರುತ್ತಿತ್ತು, ಸ್ಟೇಷನ್ನಿಗೆ ಹೋಗಿ ಬರುತ್ತಿತ್ತು, ಗಾಡಿ ಗಟ್ಟಿಮುಟ್ಟಾಗಿದೆ ಎಂದು ಬೀದಿಯವರಿಂದ ಹೊಗಳಿಸಿಕೊಳ್ಳುತ್ತಿತ್ತು. ಕೋಲಾರದ ರಸ್ತೆ ಹಿಡಿದರೆ ಮಾತ್ರ ಸುಮಾರು ಹದಿನಾಲ್ಕು ಕಿಲೋಮೀಟರ್ ಆಗುತ್ತಿದ್ದಂತೆ, ಒಂದು ಹುಣಸೆ ಮರ, ಅದರ ಕೆಳಗೆ ಒಂದು ಟೀ ಅಂಗಡಿ ಬರುತ್ತದೆ, ಅದರ ಆಸುಪಾಸಿನಲ್ಲಿ ಎರಡು ಸಲ ಕೆಮ್ಮಿ ನಿಂತುಬಿಡುತ್ತಿತ್ತು. ಒಂದು ಸಲ ಅಲ್ಲ, ಪ್ರತಿ ಸಲ. ಮೂರನೆಯ ಸಲಕ್ಕೆ ಟೀ ಅಂಗಡಿಯ ಹೆಂಗಸು ನಮ್ಮ ಕಾರು ದೂರದಲ್ಲಿ ಕಂಡ ಕೂಡಲೇ ಎರಡು ಲೋಟ ತೊಳೆದಿಡುತ್ತಿದ್ದಳು.

ಕಾರು ನಿಂತರೆ ಏನಾಯಿತು, ಬಸ್ಸಿಲ್ಲವೇ ಎನ್ನಬಹುದು. ನನಗೆ ಬಸ್ಸು ಸಾಕು. ನಾನು ತಾಯಲೂರಿನ ಕಡೆ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು, ಮುಳಬಾಗಿಲಿನಲ್ಲಿ ಬಸ್ಸು ಬದಲಾಯಿಸಿಕೊಂಡು ಹೋಗಿ ಬರುವವನು. ಕಾರು ಬೇಕಾಗಿದ್ದದ್ದು ನಮ್ಮ ದೊಡ್ಡಮ್ಮನಿಗೆ. ದೊಡ್ಡಮ್ಮ ನನ್ನ ತಾಯಿಯ ಅಕ್ಕ, ನನ್ನನ್ನು ಎತ್ತಿ ಆಡಿಸಿ ಸಾಕಿದವಳು, ನಮ್ಮ ಮನೆಯಲ್ಲೇ ಇರುವವಳು. ಅವಳ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ನಮ್ಮೂರಲ್ಲಿ ನಡೆದ ಕಣ್ಣಿನ ಶಿಬಿರದಲ್ಲಿ ಡಾಕ್ಟರು ಟಾರ್ಚು ಬಿಟ್ಟು ನೋಡಿ, "ಬಲಗಣ್ಣಿನ ಪೊರೆ ತುಂಬ ಬಲಿತುಬಿಟ್ಟಿದೆ. ಕೋಲಾರಕ್ಕೆ ಕರೆದುಕೊಂಡು ಬನ್ನಿ, ಆಪರೇಷನ್ ಮಾಡೋಣ. ತಡ ಮಾಡಿದರೆ ಆ ಕಣ್ಣು ಉಳಿಯುತ್ತೆ ಅಂತ ನಾನು ಹೇಳಲಾರೆ" ಎಂದು ಸ್ಪಷ್ಟವಾಗಿ ಹೇಳಿದ್ದರು. ಒಂದು ಗುರುವಾರ ಗೊತ್ತು ಮಾಡಿಕೊಟ್ಟರು.

ದೊಡ್ಡಮ್ಮ ಬಸ್ಸು ಹತ್ತಲ್ಲ ಎಂದಳು, ವಾಂತಿಯಾಗುತ್ತದೆ. ಆಟೋ ಬೇಡ, ಸೊಂಟ ಹಿಡಿಯುತ್ತದೆ. ಬಾಡಿಗೆ ಕಾರು ತರಿಸುತ್ತೇನೆ ಎಂದರೆ, "ಯಾರೋ ಗುರುತಿಲ್ಲದೋನ ಕಾರಲ್ಲಿ ಹೋಗಿ ಕಣ್ಣು ಕೊಯ್ಸ್ಕೊಂಡು ಬರ್ಲೇನೋ? ಹೋದ್ರೆ ನಿನ್ನ ಕಾರಲ್ಲೇ ಹೋಗ್ತೀನಿ" ಎಂದು ಕಡ್ಡಿ ಮುರಿದ ಹಾಗೆ ಹೇಳಿದಳು. ನಾನು ಉಬ್ಬಿಹೋದೆ. ನನ್ನ ಕಾರಿನ ಮೇಲೆ ನಂಬಿಕೆ ಇಟ್ಟಿದ್ದ ಒಂದೇ ಒಂದು ಜೀವ ಅದು. ನನ್ನ ಹೆಂಡತಿ ಆ ಕಾರನ್ನು ಹತ್ತುವಾಗಲೆಲ್ಲ ಚಪ್ಪಲಿಯ ಬದಲು ನಡೆಯಲು ಅನುಕೂಲವಾಗುವ ಬೂಟು ಹಾಕಿಕೊಳ್ಳುತ್ತಿದ್ದಳು.

ಅದಕ್ಕೆ ಕಾರಣವೂ ಇತ್ತು. ಇಪ್ಪತ್ತೈದು ವರ್ಷ ಹಳೆಯ ಆ ಕಾರನ್ನು ಬೇಸಿಗೆ ರಜದಲ್ಲಿ ನಾನೇ ಸರ್ವಿಸ್ ಮಾಡಿದ್ದೆ. ಫೋನಿನಲ್ಲಿ ವಿಡಿಯೋ ನೋಡಿಕೊಂಡು, ಒಂದು ಕೈಯಲ್ಲಿ ಪಾನಾ, ಇನ್ನೊಂದು ಕೈಯಲ್ಲಿ ಫೋನು ಹಿಡಿದು, ಹದಿನೈದು ದಿನ ಅಂಗಳದಲ್ಲಿ ಮಲಗಿಯೇ ಕೆಲಸ ಮಾಡಿದೆ. ಕಾರ್ಬುರೇಟರನ್ನು ಊದುಬತ್ತಿಯ ಕಡ್ಡಿಯಿಂದ ಚುಚ್ಚಿ ಚೊಕ್ಕಟ ಮಾಡಿದೆ. ಪ್ಲಗ್ಗು, ಫಿಲ್ಟರು ಬದಲಾಯಿಸಿದೆ. ಪೆಟ್ರೋಲ್ ಮುಳ್ಳು ಸ್ವಲ್ಪ ನಿಧಾನವಾಗಿ ಏಳುತ್ತಿತ್ತು, ಅದನ್ನು ರಿಪೇರಿ ಮಾಡಿದ ಮೇಲೆ ಏಳುವುದನ್ನೇ ಬಿಟ್ಟಿತು. ಬಲಕ್ಕೆ ತಿರುಗುವ ದೀಪ ಹಾಕಿದರೆ ವೈಪರು ಒಂದು ಸಲ ಕೈ ಬೀಸಿ ಮಲಗುತ್ತಿತ್ತು. ಬಾಗಿಲೊಂದರ ತುಕ್ಕು ಕೆರೆದು ಬಿಳಿ ಬಣ್ಣ ಬಳಿದೆ. ಅಂಗಡಿಯಲ್ಲಿ ಬಿಳಿಯಾಗಿದ್ದ ಬಣ್ಣ ಬಾಗಿಲಿಗೆ ಬಂದ ಮೇಲೆ ಮಜ್ಜಿಗೆಹುಳಿಯ ಬಣ್ಣಕ್ಕೆ ತಿರುಗಿತು. "ಹೇಗಿದೆ ದೊಡ್ಡಮ್ಮ?" ಎಂದು ಕೇಳಿದ್ದಕ್ಕೆ ಅವಳು ಕೈಯಿಂದ ಸವರಿ ನೋಡಿ, "ಮಲ್ಲಿಗೆ ಹೂವಿನಂಗೈತೆ ಕಣೋ" ಎಂದಳು. ನನಗೆ ಅಷ್ಟು ಸಾಕಾಯಿತು.

ಇದರ ನಡುವೆ ಪೆಟ್ರೋಲ್ ಬಂಕಿನಲ್ಲಿ ಟ್ಯಾಂಕಿನ ಮುಚ್ಚಳವನ್ನು ಕಾರಿನ ತಲೆಯ ಮೇಲಿಟ್ಟು, ಹಾಗೇ ಮರೆತು ಹೊರಟುಬಂದೆ. ಅದು ಎಲ್ಲಿ ಬಿತ್ತೋ. ಅಡುಗೆ ಎಣ್ಣೆಯ ಕ್ಯಾನಿನ ಕೆಂಪು ಪ್ಲಾಸ್ಟಿಕ್ ಮುಚ್ಚಳವೊಂದು ಎರಡು ಸುತ್ತು ಹಿಡಿದು, ಮೂರನೆಯ ಸುತ್ತಿಗೆ ಜಾರುತ್ತಿತ್ತು. ಅದನ್ನೇ ಹಾಕಿದೆ. ಪೆಟ್ರೋಲಿನ ವಾಸನೆ ಕಾರಿನ ತುಂಬ ತುಂಬಿಕೊಂಡಿತು. ದೊಡ್ಡಮ್ಮ ಮೂಗಿಗೆ ಸೆರಗು ಒತ್ತಿಕೊಂಡು, "ಸರಿ ಅಪ್ಪಾ, ಅದನ್ನ ನಂಗೆ ಬಿಡು" ಎಂದಳು.

ಶ್ರೀನಿವಾಸಪುರದಲ್ಲಿ ಮಾವಿನಕಾಯಿಗೆ ಬರವಿಲ್ಲ, ಉಪ್ಪಿನಕಾಯಿ ಹಾಕುವವರಿಗೂ ಬರವಿಲ್ಲ. ಆದರೆ ದೊಡ್ಡಮ್ಮ ಜಾಡಿಯ ಬಾಯಿ ಕಟ್ಟಿದರೆ ಅದನ್ನು ನೋಡಲು ಜನ ಬರುತ್ತಿದ್ದರು. ಮೊದಲು ಎರಡು ಪದರ ಪಾಲಿಥಿನ್, ಅದರ ಮೇಲೆ ಎಣ್ಣೆಯಲ್ಲಿ ಅದ್ದಿ ಹಿಂಡಿದ ಬಿಳಿ ಬಟ್ಟೆ, ಅದರ ಮೇಲೆ ಮುಚ್ಚಳ, ಜಾಡಿಯ ಕುತ್ತಿಗೆಗೆ ಏಳು ಸುತ್ತು ನೂಲು. ಒಳಗೆ ಗಾಳಿ ಹೋಗಬಾರದು, ಹೋದರೆ ಬೂಷ್ಟು ಹಿಡಿಯುತ್ತದೆ. ಇದು ಅವಳ ಶಾಸ್ತ್ರ. ಅದೇ ಶಾಸ್ತ್ರದ ಪ್ರಕಾರ, ಕಣ್ಣು ಕಾಣದಿದ್ದರೂ ಬೆರಳಲ್ಲೇ ತಡವಿ, ಅವಳು ನನ್ನ ಪೆಟ್ರೋಲ್ ಟ್ಯಾಂಕಿನ ಬಾಯಿ ಕಟ್ಟಿದಳು. ವಾಸನೆ ನಿಂತಿತು. ನಾನು ಬೀದಿಯಲ್ಲಿ ಎಲ್ಲರಿಗೂ ಅದನ್ನು ತೋರಿಸಿದೆ.

ಮೊದಲನೆಯ ಗುರುವಾರ ಹೊರಟೆವು. ಹುಣಸೆ ಮರದ ಹತ್ತಿರ ಕಾರು ನಿಂತಿತು. ಮುಳ್ಳು ಸತ್ತಿದ್ದರಿಂದ ಪೆಟ್ರೋಲು ಎಷ್ಟಿದೆ ಎಂದು ತಿಳಿಯಲು ನಾನು ಮೊದಲು ಮಾಡುತ್ತಿದ್ದ ಕೆಲಸ ಒಂದೇ. ನೂಲು ಬಿಚ್ಚಿ, ಮುಚ್ಚಳ ತೆಗೆದು, ಒಂದು ಬಿದಿರು ಕಡ್ಡಿ ಇಳಿಬಿಟ್ಟು ನೋಡುವುದು. ಪೆಟ್ರೋಲು ಬೇಕಾದಷ್ಟಿತ್ತು. ದೊಡ್ಡಮ್ಮ ಇಳಿದು ಬಂದು ಮತ್ತೆ ಬಾಯಿ ಕಟ್ಟಿದಳು. ಅಷ್ಟರಲ್ಲಿ ಕೋಲಾರದ ಮಾರುಕಟ್ಟೆಗೆ ಟೊಮೆಟೊ ಕ್ರೇಟು ಹೊತ್ತು ಹೋಗುತ್ತಿದ್ದ ಲಾರಿಯ ಡ್ರೈವರು ಇಳಿದು ಬಂದ. "ಪಂಪು ಕಾದೈತೆ ಸಾರ್. ಒದ್ದೆ ಬಟ್ಟೆ ಹಾಕಿ" ಎಂದ. ಹಾಕಿದೆ. ಕೀಲಿ ತಿರುಗಿಸಿದೆ. ಸ್ವಲ್ಪ ಹೊತ್ತು ಮೂತಿ ಉಬ್ಬಿಸಿಕೊಂಡಿದ್ದು, ಆಮೇಲೆ ಚಾಲೂ ಆಯಿತು.

"ಆಯ್ತು, ಹತ್ತು ದೊಡ್ಡಮ್ಮ" ಎಂದೆ.

"ಆಪರೇಷನ್‌ಗೆ ಹೊರಟ ಗಾಡಿ ದಾರೀಲಿ ನಿಂತ್ರೆ ಮುಂದಕ್ಕೆ ಹೋಗ್ಬಾರ್ದು. ಶಕುನ ಸರಿಯಿಲ್ಲ. ತಿರುಗ್ಸು" ಎಂದಳು.

ಎಷ್ಟು ಹೇಳಿದರೂ ಕೇಳಲಿಲ್ಲ. ತಿರುಗಿಸಿದೆ. ಹದಿನಾಲ್ಕು ಕಿಲೋಮೀಟರ್ ಸಲೀಸಾಗಿ ಓಡಿ, ನಮ್ಮ ಮನೆಯ ಬಾಗಿಲಿಗೆ ಬಂದು, ಕಾರು ತಾನಾಗಿಯೇ ನಿಂತಿತು. ನಾನು ಬ್ರೇಕು ಕೂಡ ಒತ್ತಲಿಲ್ಲ.

ಎರಡನೆಯ ಗುರುವಾರ, ಎರಡು ವಾರ ಬಿಟ್ಟು. ಈ ಸಲ ಮೋಸ ಹೋಗಬಾರದೆಂದು ಟ್ಯಾಂಕು ಪೂರ್ತಿ ತುಂಬಿಸಿದ್ದೆ. ಹುಣಸೆ ಮರವನ್ನೂ ಮುಟ್ಟಲಿಲ್ಲ. ಹತ್ತನೆಯ ಕಿಲೋಮೀಟರಿಗೇ ನಿಂತಿತು. ಕಡ್ಡಿ ಇಳಿಸಿದೆ, ಪೆಟ್ರೋಲು ತುಂಬಿತ್ತು. ಒದ್ದೆ ಬಟ್ಟೆ ಹಾಕಿದೆ. ದಾರಿಹೋಕರೊಬ್ಬರು ಪಂಪಿಗೆ ಪಾನಾದಿಂದ ಮೂರು ಸಲ ಕುಟ್ಟಿ ಎಂದರು, ಕುಟ್ಟಿದೆ. ದೊಡ್ಡಮ್ಮ ಟ್ಯಾಂಕಿನ ಬಾಯಿಯನ್ನು ಇನ್ನಷ್ಟು ಬಿಗಿದು ಕಟ್ಟಿ, ಕೈಮುಗಿದು ಏನೋ ಬೇಡಿಕೊಂಡಳು. ಚಾಲೂ ಆಯಿತು. ನಾಲ್ಕು ಕಿಲೋಮೀಟರ್ ಮುಂದೆ ಹೋಗುವಷ್ಟರಲ್ಲಿ ಮತ್ತೆ ಕೆಮ್ಮಿತು, ಹುಣಸೆ ಮರದ ಕೆಳಗೆ. ಬಾಕಿಯಿದ್ದ ಕೆಲಸ ಮುಗಿಸಿ ಬಂದ ಹಾಗೆ.

ಟೀ ಅಂಗಡಿಯ ಹೆಂಗಸು ತೆಲುಗಿನಲ್ಲಿ, "ಏಂ ಸಾರ್, ಮಳ್ಳಾ ನಿಲಿಚಿಪೋಯಿಂದಾ?" ಎಂದು ಕೇಳಿದಳು. ಮತ್ತೆ ನಿಂತಿತು ಎಂಬುದು ಕಣ್ಣಿಗೆ ಕಾಣುತ್ತಿದ್ದರೂ ಅವಳಿಗೆ ನನ್ನ ಬಾಯಿಂದಲೇ ಕೇಳಬೇಕಾಗಿತ್ತು. ದೊಡ್ಡಮ್ಮ ಬೆಂಚಿನ ಮೇಲೆ ಕೂತು ನೆಮ್ಮದಿಯಾಗಿ ಟೀ ಕುಡಿದಳು. ನಾವು ಮನೆಗೆ ಹಿಂತಿರುಗಿದೆವು.

ಮೈಯೆಲ್ಲ ಉರಿದುಹೋಯಿತು. ಎಂಟನೆಯ ತರಗತಿಯ ಮಕ್ಕಳಿಗೆ ವೈಜ್ಞಾನಿಕ ವಿಧಾನ ಹೇಳಿಕೊಡುವವನು ನಾನು. ಒಂದು ನೋಟ್‌ಬುಕ್ಕಿಗೆ ಗೆರೆ ಹಾಕಿ, ವೀಕ್ಷಣೆ, ಊಹೆ, ತೀರ್ಮಾನ ಎಂದು ಮೂರು ಕಾಲಂ ಮಾಡಿದೆ. ಒದ್ದೆ ಬಟ್ಟೆ ಹಾಕಿದರೆ ಚಾಲೂ ಆಗುತ್ತದೆ, ನಿಜ. ಕುಟ್ಟಿದರೂ ಆಗುತ್ತದೆ, ಅದೂ ನಿಜ. ನಾನೊಬ್ಬನೇ ಹೋಗಿ ಪರೀಕ್ಷಿಸಿದ ದಿನ ಬ್ಯಾಟರಿ ವೈರು ಕಿತ್ತು ಹಾಕಿದೆ, ಚಾಲೂ ಆಯಿತು. ಇನ್ನೊಂದು ದಿನ ಏನೂ ಮಾಡದೆ ಕಾರಿಗೆ ಬೈದೆ, ಅದಕ್ಕೂ ಚಾಲೂ ಆಯಿತು. ಕೊನೆಗೆ ಏಳು ಮದ್ದುಗಳಾದವು, ಏಳೂ ಕೆಲಸ ಮಾಡುತ್ತಿದ್ದವು. ಯಾವುದನ್ನು ಬಿಡುವುದೆಂದು ತಿಳಿಯದೆ ಪ್ರತಿ ಸಲ ಏಳನ್ನೂ ಅದೇ ಕ್ರಮದಲ್ಲಿ ಮಾಡುತ್ತಿದ್ದೆ, ಬೈಗುಳವನ್ನೂ ಸೇರಿಸಿ. ಪ್ರತಿ ಸಲ ಎಲ್ಲಕ್ಕಿಂತ ಮೊದಲು ಮುಚ್ಚಳ ತೆಗೆದು ಕಡ್ಡಿ ಇಳಿಸುತ್ತಿದ್ದದ್ದು ಮಾತ್ರ ಪಟ್ಟಿಯಲ್ಲಿ ಇರಲಿಲ್ಲ. ಅದು ಬರೀ ಪೆಟ್ರೋಲು ನೋಡುವ ಕೆಲಸ, ಮದ್ದಲ್ಲವಲ್ಲ. ಟ್ಯಾಂಕು ತುಂಬಿದ್ದರೆ ಬೇಗ ನಿಲ್ಲುತ್ತದೆ, ಖಾಲಿಯಿದ್ದರೆ ದೂರ ಹೋಗುತ್ತದೆ ಎಂಬುದನ್ನೂ ಬರೆದುಕೊಂಡಿದ್ದೆ. ತೀರ್ಮಾನದ ಕಾಲಂನಲ್ಲಿ "ಹೊಟ್ಟೆ ತುಂಬಿದ ಸೋಮಾರಿತನ?" ಎಂದು ಬರೆದು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದೆ. ಆ ನೋಟ್‌ಬುಕ್ಕು ಈಗಲೂ ನನ್ನ ಹೆಂಡತಿಯ ಹತ್ತಿರ ಭದ್ರವಾಗಿದೆ.

ಲಕ್ಕೂರಿನ ನನ್ನ ಭಾವಮೈದನಿಗೆ ಫೋನು ಮಾಡಿದೆ. ಅವನು ಮಾಲೂರಿನ ಹತ್ತಿರ ಯಾವುದೋ ಕಾರ್ಖಾನೆಯಲ್ಲಿ ಯಂತ್ರಗಳ ತಪಾಸಣೆ ಮಾಡುವವನು.

"ಭಾವ, ಸೆನ್ಸರ್ ಹೋಗಿದೆ" ಎಂದ, ಲಕ್ಷಣ ಕೇಳುವ ಮೊದಲೇ.

"ಈ ಕಾರಿಗೆ ಸೆನ್ಸರ್ರೇ ಇಲ್ಲ ಕಣಯ್ಯ."

"ನೋಡಿ, ಅದೇ ಪ್ರಾಬ್ಲಮ್ಮು" ಎಂದ.

ಆಮೇಲೆ ಮುಳಬಾಗಿಲಿನ ಮೆಕ್ಯಾನಿಕ್ಕಿನ ಹತ್ತಿರ ಕೊಂಡುಹೋದೆ. ದಾರಿಯಲ್ಲಿ ಎರಡು ಸಲ ನಿಂತು ಎರಡು ಸಲ ಏಳು ಮದ್ದು ಮಾಡಿ ತಲುಪಿದೆ. ಆತ ನನಗಿಂತ ಹಿರಿಯ, ಹಳೆಯ ಗಾಡಿಗಳನ್ನು ಸದ್ದಿನಲ್ಲೇ ಗುರುತು ಹಿಡಿಯುವವನು. ಬಾನೆಟ್ಟು ಎತ್ತಿ ಒಳಗೆ ನೋಡಿ, ಕನ್ನಡಕ ತೆಗೆದು ಒರೆಸಿಕೊಂಡು ಮತ್ತೊಮ್ಮೆ ನೋಡಿದ. ಕಾರ್ಬುರೇಟರಿನಿಂದ ಊದುಬತ್ತಿ ಕಡ್ಡಿಯ ಒಂದು ತುಂಡು ಹೊರಗೆಳೆದ. ಒಂದು ಪೈಪಿಗೆ ಸೀರೆ ಅಂಚಿನ ದಾರ ಸುತ್ತಿದ್ದನ್ನು ಬಿಚ್ಚಿದ.

"ಯಾರ್ ಸಾರ್ ಇದಕ್ಕೆ ಕೈ ಹಾಕಿರೋದು?"

"ಯಾರೋ ಒಬ್ಬ ಮೆಕ್ಯಾನಿಕ್ಕು."

"ಅವನು ಸಿಕ್ಕಿದ್ರೆ ನನ್ನತ್ರ ಕಳ್ಸಿ. ನಮಸ್ಕಾರ ಮಾಡ್ಬೇಕು ಅವನಿಗೆ. ಇಷ್ಟೆಲ್ಲ ಆದ್ಮೇಲೂ ಗಾಡಿ ಓಡ್ತಾ ಐತಲ್ಲ!"

ಬಿಡಿಭಾಗ ತೊಳೆಯಲು ಟ್ಯಾಂಕಿನಿಂದ ಒಂದು ಬಾಟಲಿ ಪೆಟ್ರೋಲು ತೆಗೆದು, ಮುಚ್ಚಳವನ್ನು ಸುಮ್ಮನೆ ಮೇಲಿಟ್ಟ. ನೂಲು ಸುತ್ತುವ ಶಾಸ್ತ್ರ ಅವನಿಗೇನು ಗೊತ್ತು. ಸಂಜೆ ಕಾರು ಕೊಟ್ಟ. ಮುಳಬಾಗಿಲಿನಿಂದ ಶ್ರೀನಿವಾಸಪುರಕ್ಕೆ ಒಂದು ಕೆಮ್ಮೂ ಇಲ್ಲದೆ ಬಂದೆ. ಅವನು ದೇವರು ಎಂದು ಹೆಂಡತಿಯ ಮುಂದೆ ಹೊಗಳಿದೆ. ದೊಡ್ಡಮ್ಮ ಕಾರಿನ ಸುತ್ತ ಒಂದು ಸುತ್ತು ಬಂದು, ಮೂಗು ಅರಳಿಸಿ, "ಬಾಯಿ ಕಟ್ಟೇ ಇಲ್ಲ ನೋಡು" ಎಂದು ಎಣ್ಣೆ ಬಟ್ಟೆ, ನೂಲು ತಂದು ಕೂತಳು.

ಮೂರನೆಯ ಗುರುವಾರ ಹುಣಸೆ ಮರ, ಎರಡು ಲೋಟ, ಟೀ.

ಆ ದಿನ ಆಸ್ಪತ್ರೆಯಿಂದಲೇ ಫೋನು ಬಂತು. ಇನ್ನೊಂದು ತಾರೀಖು ಕೊಡುತ್ತೇವೆ, ಅದಕ್ಕೂ ಬರದಿದ್ದರೆ ಆ ಕಣ್ಣಿನ ಆಸೆ ಬಿಡಬೇಕಾಗಬಹುದು ಎಂದರು. ನನಗೆ ಹೆದರಿಕೆಯಾಯಿತು. ದೊಡ್ಡಮ್ಮ ಬೆಳಿಗ್ಗೆ ನನ್ನ ಮುಖದ ಕಡೆ ನೋಡದೆ ನನ್ನ ಭುಜದ ಪಕ್ಕದ ಗೋಡೆಯ ಕಡೆ ನೋಡಿಕೊಂಡು ಮಾತಾಡುತ್ತಿದ್ದಳು. ಮೆಟ್ಟುಗತ್ತಿಯ ಮುಂದೆ ಕೂತು ಮಾವಿನಕಾಯಿ ಹೋಳು ಮಾಡುವಾಗ ಅವಳ ಬೆರಳು ಎಲ್ಲಿ ಹೋಗುತ್ತದೋ ಎಂದು ನನ್ನ ಹೆಂಡತಿ ಅಲ್ಲಿಂದ ಕದಲುತ್ತಿರಲಿಲ್ಲ. ಕಾರು ಸರಿಮಾಡಲಾಗದ ನನ್ನಿಂದ ಅವಳ ಕಣ್ಣು ಹೋಗುತ್ತದೆ ಎಂಬ ಯೋಚನೆ ತಲೆಯಿಂದ ಹೋಗಲಿಲ್ಲ.

ಭಾನುವಾರ ಪಂಚೆ ಎತ್ತಿ ಕಟ್ಟಿ, ಅಂಗಳದಲ್ಲಿ ಹಳೆಯ ಬೆಡ್‌ಶೀಟು ಹಾಸಿ, ಎಂಜಿನ್ನಿನ ಮೇಲಿನ ಭಾಗವನ್ನೆಲ್ಲ ಬಿಚ್ಚಿಟ್ಟೆ. ಕಾರ್ಬುರೇಟರನ್ನು ಒಂದು ಸ್ಕ್ರೂ ಬಿಡದಂತೆ ಬಿಡಿಸಿದೆ. ಅದರೊಳಗೆ ಒಂದು ಉಕ್ಕಿನ ಗುಂಡು ಇರುತ್ತದೆ, ಮೆಣಸಿನ ಕಾಳಿನ ಗಾತ್ರ. ಅದಿಲ್ಲದಿದ್ದರೆ ಪೆಟ್ರೋಲು ಹೇಳಿದ ದಾರಿಯಲ್ಲಿ ಹೋಗುವುದಿಲ್ಲ. ಬಹಳ ಮುಖ್ಯವಾದದ್ದು ಎಂದು, ಕಳೆದುಹೋಗದಿರಲೆಂದು, ಅದನ್ನು ಮಾತ್ರ ಬೇರೆ ಒಂದು ಬಟ್ಟಲಲ್ಲಿ ಹಾಕಿ ಜಗಲಿಯ ಮೇಲಿಟ್ಟೆ.

ಮಧ್ಯಾಹ್ನ ಊಟ ಮಾಡಿ ಬಂದು ನೋಡಿದರೆ ಬಟ್ಟಲು ಇತ್ತು, ಗುಂಡು ಇರಲಿಲ್ಲ.

ಭಾನುವಾರ ಪೂರ್ತಿ ಹುಡುಕಿದೆ. ಸೋಮವಾರ ಸ್ಕೂಲಿನ ಪ್ರಯೋಗಾಲಯದಿಂದ ದೊಡ್ಡ ಅಯಸ್ಕಾಂತ ತಂದು, ಅದಕ್ಕೆ ಹಗ್ಗ ಕಟ್ಟಿ, ಅಂಗಳದ ಮಣ್ಣಿನ ಮೇಲೆ ಎಳೆದಾಡಿದೆ. ಒಂದು ಲಾಳದ ಮೊಳೆ, ನಾಲ್ಕು ಹೇರ್‌ಪಿನ್ನು, ಹಿಂದೆಂದೋ ಕಳೆದಿದ್ದ ಬೀರುವಿನ ಬೀಗದ ಕೈ ಸಿಕ್ಕವು. ಎದುರು ಮನೆಯವರು ಕಾಂಪೌಂಡಿನ ಮೇಲೆ ಮೊಣಕೈ ಊರಿ, "ಮೇಷ್ಟ್ರೇ, ಅದು ನಾಯೀನಾ, ಮಿಶಿನ್ನಾ?" ಎಂದು ಕೇಳಿದರು. ನಾನು ಹಗ್ಗ ಎಳೆಯುತ್ತಲೇ ಇದ್ದೆ. ಆಪರೇಷನ್ ಗುರುವಾರ, ಕಾರು ಬೆಡ್‌ಶೀಟಿನ ಮೇಲಿತ್ತು.

ಮಂಗಳವಾರ ಬೆಳಿಗ್ಗೆ ಖಾರದ ಪೊಂಗಲ್. ದೊಡ್ಡಮ್ಮನೇ ಮಾಡಿದ್ದಳು, ಭಾನುವಾರ ಜಗಲಿಯ ಮೇಲೆ ಬಿಸಿಲಿಗೆ ಒಣಗಿಸಿ ಎತ್ತಿಟ್ಟಿದ್ದ ಮೆಣಸು ಹಾಕಿ. ಮೂರನೆಯ ತುತ್ತಿಗೆ ನನ್ನ ಬಾಯಲ್ಲಿ ಟಕ್ ಎಂದು ಸದ್ದಾಯಿತು. ದವಡೆ ಹಲ್ಲಿನ ಒಂದು ಚೂರು ಎಗರಿತು.

"ಕಲ್ಲಾ ರೀ?" ಎಂದು ಹೆಂಡತಿ ಗಾಬರಿಯಾಗಿ ಕೇಳಿದಳು.

ಅಂಗೈಗೆ ಉಗಿದು ನೋಡಿದೆ. "ಅಲ್ಲ. ಕಾರ್ಬುರೇಟರು."

ಒಂದು ಕ್ಷಣ ನನಗೆ ಸಂತೋಷವೇ ಆಯಿತು. ಎರಡು ದಿನದಿಂದ ಊರೆಲ್ಲ ಹುಡುಕಿದ್ದು ಬಾಯಿಗೇ ಬಂದಿತ್ತಲ್ಲ. ಹೆಂಡತಿ ನಗು ತಡೆಯಲಾರದೆ ಗೋಡೆಯ ಕಡೆ ತಿರುಗಿಕೊಂಡಳು. ಆದರೆ ದೊಡ್ಡಮ್ಮ ನಗಲಿಲ್ಲ. ಸೌಟು ಕೆಳಗಿಟ್ಟು, "ಏನೋ ಅದು? ಕೊಡು ಇಲ್ಲಿ" ಎಂದು ಕೈ ಚಾಚಿದಳು. ಗುಂಡನ್ನು ಅವಳ ಅಂಗೈಗೆ ಹಾಕಿದೆ. ಕಣ್ಣಿನ ಹತ್ತಿರ ತಂದು ನೋಡಿದಳು, ಕಾಣಲಿಲ್ಲ. ಎರಡು ಬೆರಳಲ್ಲಿ ಹೊರಳಿಸಿದಳು.

"ಮೆಣಸು ಅಂದ್ಕೊಂಡೆ. ಜಗಲಿ ಮೇಲೆ ಒಂದು ಕಾಳು ಬೇರೆ ಬಟ್ಲಲ್ಲಿ ಬಿದ್ದೈತೆ ಅಂತ ತೆಗೆದು ಡಬ್ಬಕ್ಕೆ ಹಾಕಿದ್ನಲ್ಲೋ."

ಆಮೇಲೆ ಅವಳು ಅಳತೊಡಗಿದಳು. ನಾನು ಅವಳು ಅತ್ತದ್ದನ್ನು ನೋಡಿದ್ದು ಕಡಿಮೆ. "ಹೋಗ್ಲಿ ಬಿಡು ದೊಡ್ಡಮ್ಮ, ಒಂದು ಹಲ್ಲು ತಾನೇ" ಎಂದೆ.

"ಹಲ್ಲಿನ ಮಾತಲ್ಲ ಕಣೋ. ಇಷ್ಟೂ ಕಾಣಲ್ಲ ಅಂತ ನಂಗೇ ಗೊತ್ತಿರ್ಲಿಲ್ಲ" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡು, ಆಮೇಲೆ ಹೇಳಿದಳು. "ನಿನ್ನ ಗಾಡಿಗೆ ಏನೂ ಆಗಿಲ್ಲ. ಉಸಿರು ಕಟ್ತೈತೆ ಅಷ್ಟೆ."

"ಏನು?"

"ಎಣ್ಣೆ ಡಬ್ಬಕ್ಕೆ ಒಂದೇ ತೂತು ಹಾಕಿದ್ರೆ ಎಣ್ಣೆ ಬರ್ತದೇನೋ? ಗಾಳಿ ಹೋಗಕ್ಕೆ ಇನ್ನೊಂದು ತೂತು ಬೇಕಲ್ಲ. ನಾನು ಬಾಯಿ ಬಿಗಿದು ಕಟ್ಟಿದೀನಿ, ಒಳಗಡೆ ಗಾಳಿ ಎಲ್ಲಿಂದ ಹೋಗ್ತದೆ? ನೀನು ಕಡ್ಡಿ ಇಳ್ಸಕ್ಕೆ ಮುಚ್ಚಳ ತೆಗೆದಾಗೆಲ್ಲ 'ಸುಯ್' ಅಂತ ಒಳಕ್ಕೆ ಎಳ್ಕೋತಿತ್ತು. ನಿಂಗೆ ಕೇಳಿಸ್ಲಿಲ್ವಾ? ನಂಗೆ ಎರಡನೇ ಸಲಾನೇ ಗೊತ್ತಾಯ್ತು."

ನಾನು ಪೊಂಗಲ್ ತಟ್ಟೆಯ ಮುಂದೆ ಬಾಯಿ ತೆರೆದು ಕೂತೆ. ವಾಯುಭಾರದ ಪಾಠ. ಎರಡು ತೂತಿನ ಎಣ್ಣೆ ಡಬ್ಬದ ಚಿತ್ರವನ್ನು ಪ್ರತಿ ವರ್ಷ ಬೋರ್ಡಿನ ಮೇಲೆ ಬರೆಯುವವನು ನಾನು. ಬಾಣದ ಗುರುತು ಹಾಕಿ, ಗಾಳಿ ಒಳಕ್ಕೆ, ಎಣ್ಣೆ ಹೊರಕ್ಕೆ ಎಂದು ಬರೆದು, ಮಕ್ಕಳಿಂದ ಮೂರು ಸಲ ಹೇಳಿಸುವವನು. ಟ್ಯಾಂಕು ತುಂಬಿದ್ದರೆ ಮೇಲಿನ ಗಾಳಿಯ ಜಾಗ ಕಡಿಮೆ, ಅದಕ್ಕೇ ಬೇಗ ನಿಲ್ಲುತ್ತಿತ್ತು. ಏಳು ಮದ್ದೂ ಕೆಲಸ ಮಾಡಿದ್ದೇಕೆಂದರೆ ಏಳೂ ಮದ್ದುಗಳಲ್ಲ. ಕಳೆದುಹೋದ ಹಳೆಯ ಮುಚ್ಚಳದಲ್ಲಿ ಒಂದು ಸಣ್ಣ ತೂತಿತ್ತು, ಅದು ಕಸ ತುಂಬಲೆಂದು ಇದ್ದದ್ದಲ್ಲ.

"ಮತ್ತೆ ಯಾಕೆ ಹೇಳ್ಲಿಲ್ಲ?" ನನ್ನ ದನಿ ಏರಿತು. "ಭಾನುವಾರದಿಂದ ಅಂಗಳದಲ್ಲಿ ಬಿದ್ದು ಒದ್ದಾಡಿದ್ದೀನಿ. ಮುಳಬಾಗಿಲಲ್ಲಿ ಮಾನ ಹೋಯ್ತು. ಮೂರು ಗುರುವಾರ ಹೋಯ್ತು. ನಿನ್ನ ಕಣ್ಣು ದೊಡ್ಡಮ್ಮ, ನಿನ್ನ ಕಣ್ಣು!"

"ಹೆದ್ರಿಕೆ ಆಗ್ತಿತ್ತು ನಾಯನಾ" ಎಂದಳು. "ಕಣ್ಣಿಗೆ ಕತ್ತಿ ಹಾಕ್ತಾರಂತಲ್ಲ. ಆ ಮರದ ಹತ್ರ ಗಾಡಿ ನಿಂತ್ರೆ ಜೀವ ಬಂದಂಗಾಗ್ತಿತ್ತು."

ಆ ದಿನವೆಲ್ಲ ಅವಳ ಜೊತೆ ನಾನು ಮಾತಾಡಲಿಲ್ಲ. ಸಿಟ್ಟು ಅವಳ ಮೇಲೋ, ನನ್ನ ಮೇಲೋ, ವಾಯುಭಾರದ ಮೇಲೋ ನನಗೇ ತಿಳಿಯಲಿಲ್ಲ. ಗುಂಡನ್ನು ತೊಳೆದು ಅದರ ಜಾಗಕ್ಕೆ ಹಾಕಿದೆ, ಮಂಗಳವಾರ ಸಂಜೆ ಮತ್ತು ಬುಧವಾರ ಕೂತು ಎಲ್ಲ ಜೋಡಿಸಿದೆ. ಕೊನೆಗೆ ಎರಡು ವಾಷರು, ಒಂದು ಸ್ಪ್ರಿಂಗು ಮಿಕ್ಕವು. ಎಂಜಿನ್ನು ಮುಂಚಿಗಿಂತ ಚೆನ್ನಾಗಿಯೇ ಚಾಲೂ ಆಯಿತು, ಹಾಗಾಗಿ ಅವು ಮೊದಲಿನಿಂದಲೂ ಬೇಕಿರಲಿಲ್ಲ ಎಂದು ತೀರ್ಮಾನಿಸಿದೆ.

ಬುಧವಾರ ಸಂಜೆ ದೊಡ್ಡಮ್ಮ ಗೋಣಿಚೀಲ ಹೊಲಿಯುವ ದಬ್ಬಳವನ್ನು ಒಲೆಯ ಮೇಲೆ ಕಾಯಿಸಿ, ಕೆಂಪು ಮುಚ್ಚಳವನ್ನು ಅಡುಗೆಮನೆಗೆ ತರಿಸಿಕೊಂಡು, ತಾನೇ ತಡವಿ ನಡುಮಧ್ಯಕ್ಕೆ ಒಂದು ತೂತು ಚುಚ್ಚಿದಳು. ಪ್ಲಾಸ್ಟಿಕ್ಕು ಸುಟ್ಟ ವಾಸನೆ ಬಂತು. ಪಾಲಿಥಿನ್ನಿಗೂ ಬಟ್ಟೆಗೂ ಅದೇ ಜಾಗದಲ್ಲಿ ತೂತು ಮಾಡಿ, "ತಗೋ" ಎಂದು ನನ್ನ ಕೈಗಿಟ್ಟಳು. ನನ್ನ ಸಿಟ್ಟು ಅಲ್ಲಿಗೆ ಇಳಿಯಿತು.

ಗುರುವಾರ ಬೆಳಿಗ್ಗೆ ಹೊರಟೆವು. ಕಾರು ಓಡಿತು. ಹತ್ತನೆಯ ಕಿಲೋಮೀಟರು ದಾಟಿತು, ಹನ್ನೆರಡು ದಾಟಿತು. ನಾನು ಖುಷಿಯಿಂದ ಬಲಗಡೆಯ ದೀಪ ಹಾಕಿದೆ, ವೈಪರು ಕೈ ಬೀಸಿತು. ದೊಡ್ಡಮ್ಮ ಡ್ಯಾಶ್‌ಬೋರ್ಡನ್ನು ಎರಡೂ ಕೈಯಲ್ಲಿ ಹಿಡಿದು, ಎಂಜಿನ್ನಿನ ಸದ್ದನ್ನೇ ಕೇಳುತ್ತಾ ಕೂತಿದ್ದಳು. ಹುಣಸೆ ಮರ ಬಂತು. ಕಾರು ಕೆಮ್ಮಲಿಲ್ಲ. ಟೀ ಅಂಗಡಿಯ ಹೆಂಗಸು ಎರಡು ಲೋಟ ಹಿಡಿದು ನಿಂತಿದ್ದವಳು, ನಾವು ಮುಂದೆ ಹೋಗುವುದನ್ನು ನೋಡಿ ಗಾಬರಿಯಾಗಿ ರಸ್ತೆಗೇ ಬಂದಳು.

"ಮರ ಬಂತೇನೋ?" ದೊಡ್ಡಮ್ಮ ಕೇಳಿದಳು.

"ದಾಟಿದ್ವಿ."

"ಒಂದ್ ಸಲ ನಿಲ್ಸೋ."

"ಈಗ ಏನೂ ಆಗಿಲ್ಲ ದೊಡ್ಡಮ್ಮ. ಚೆನ್ನಾಗೇ ಹೋಗ್ತಿದೆ."

"ಅದಕ್ಕೇ ಹೇಳ್ತಿರೋದು. ನಿಲ್ಸೋ, ನಿನ್ ಕಾಲಿಗೆ ಬೀಳ್ತೀನಿ."

ನಾನು ಕಾರು ನಿಲ್ಲಿಸಿ, ಹಿಂದಕ್ಕೆ ತಂದು ಮರದ ಕೆಳಗೆ ಬಿಟ್ಟೆ. ಎಂಜಿನ್ನು ಆರಿಸಿದೆ. ಆ ಜಾಗದಲ್ಲಿ ನಾನಾಗಿ ಆರಿಸಿದ್ದು ಅದೇ ಮೊದಲು. "ಮಳ್ಳಾ ನಿಲಿಚಿಪೋಯಿಂದಾ?" ಎಂದು ಹೆಂಗಸು ಕೇಳಿದಳು. "ಇಲ್ಲಮ್ಮ, ಇವತ್ತು ನಾವೇ ನಿಲ್ಸಿದ್ದು" ಎಂದೆ. ದೊಡ್ಡಮ್ಮ ಬೆಂಚಿನ ಮೇಲೆ ಕೂತು ಟೀ ಕುಡಿದಳು. ಊದಿ ಊದಿ, ಆರಿದ ಮೇಲೂ ಊದಿ, ಬಹಳ ಹೊತ್ತು ಕುಡಿದಳು. ಆಮೇಲೆ ಲೋಟ ಕೆಳಗಿಟ್ಟು, ತಾನಾಗಿಯೇ ಎದ್ದು ನಿಂತು, ನನ್ನ ತೋಳು ಹಿಡಿದು, "ನಡಿ. ಈಗ ಹೋಗ್ತೀನಿ" ಎಂದಳು.

ಆಪರೇಷನ್ ಚೆನ್ನಾಗಿ ಆಯಿತು. ಮಾರನೆಯ ದಿನ ಪಟ್ಟಿ ಬಿಚ್ಚಿದರು, ಕಪ್ಪು ಕನ್ನಡಕ ಕೊಟ್ಟರು. ಆಸ್ಪತ್ರೆಯ ಮುಂದೆ ನಿಂತಿದ್ದ ಕಾರನ್ನು ಅವಳು ತುಂಬ ಹೊತ್ತು ನೋಡಿದಳು. ಕನ್ನಡಕವನ್ನು ಸ್ವಲ್ಪ ಎತ್ತಿ ಮತ್ತೊಮ್ಮೆ ನೋಡಿದಳು.

"ಲೇ, ಇದೇನೋ ನಿನ್ನ ಕಾರು?"

"ಹೂಂ."

"ಈ ಬಾಗ್ಲಿಗೆ ಮಜ್ಜಿಗೆಹುಳಿ ಚೆಲ್ಲಿದೋರು ಯಾರೋ?"

ಎಡಗಣ್ಣಿಗೆ ಒಂದೂವರೆ ತಿಂಗಳು ಬಿಟ್ಟು ಇನ್ನೊಂದು ಗುರುವಾರ ಕೊಟ್ಟರು. ಅಷ್ಟರಲ್ಲಿ ದೊಡ್ಡಮ್ಮ ನನ್ನ ಕಡೆಯೇ ನೋಡಿ ಮಾತಾಡುತ್ತಿದ್ದಳು, ಮೆಣಸಿನಲ್ಲಿ ಕಲ್ಲು ಆರಿಸುತ್ತಿದ್ದಳು, ನನ್ನ ತಲೆಯಲ್ಲಿ ಬಿಳಿ ಕೂದಲು ಎಷ್ಟೆಂದು ಎಲ್ಲರ ಮುಂದೆ ಹೇಳುತ್ತಿದ್ದಳು. ಇನ್ನು ಭಯವಿಲ್ಲ, ಒಂದು ಸಲ ನೋಡಿಯಾಯಿತಲ್ಲ ಎಂದೂ ಹೇಳಿದ್ದಳು. ಆ ಗುರುವಾರದ ಹಿಂದಿನ ಸಂಜೆ ನಾನು ಪೆಟ್ರೋಲು ಎಷ್ಟಿದೆ ನೋಡೋಣವೆಂದು ಬಿದಿರು ಕಡ್ಡಿ ಹಿಡಿದು ಹೋದೆ. ಟ್ಯಾಂಕಿನ ಕೆಂಪು ಮುಚ್ಚಳ ನಯವಾಗಿ ಹೊಳೆಯುತ್ತಿತ್ತು. ಬೆರಳಿಟ್ಟು ನೋಡಿದೆ. ದಬ್ಬಳದ ತೂತಿನೊಳಗೆ ಮೇಣ ತುಂಬಿ, ಮೇಲೆ ಉಗುರಿನಿಂದ ಸವರಿ, ಅಂಚು ಕಾಣದಂತೆ ಮಟ್ಟಸ ಮಾಡಿತ್ತು. ಕಣ್ಣು ಕಾಣದವರು ಮಾಡುವ ಕೆಲಸವಲ್ಲ ಅದು. 'ಬಲಗಣ್ಣು ಚೆನ್ನಾಗಿ ಕೆಲಸ ಮಾಡುತ್ತಿದೆ' ಎಂದು ಡಾಕ್ಟರು ಬರೆದುಕೊಟ್ಟಿದ್ದನ್ನು ನಾನು ಪೂರ್ತಿ ನಂಬಿದ್ದು ಆಗಲೇ.

ಸಿಟ್ಟು ನೆತ್ತಿಗೇರಿತು. ಒಳಗೆ ಹೋಗಿ ದಬ್ಬಳ ತಂದೆ. ಅಡುಗೆಮನೆಯಲ್ಲಿ ದೊಡ್ಡಮ್ಮ ನನಗೆ ಬೆನ್ನು ಹಾಕಿ, ಏನೂ ಗೊತ್ತಿಲ್ಲದವಳಂತೆ ನಾಳೆಗೆಂದು ಸೀರೆ ಮಡಿಸಿಡುತ್ತಿದ್ದಳು. ಮಡಿಸಿದ್ದನ್ನೇ ಬಿಚ್ಚಿ ಮತ್ತೆ ಮಡಿಸುತ್ತಿದ್ದಳು.

ನಾನು ದಬ್ಬಳವನ್ನು ಗೂಡಿನಲ್ಲಿ ವಾಪಸು ಇಟ್ಟು, ಬೆಳಿಗ್ಗೆ ಅರ್ಧ ಗಂಟೆ ಮುಂಚೆ ಹೊರಡಬೇಕು ಎಂದು ಹೆಂಡತಿಗೆ ಹೇಳಿದೆ.